ನಮಗಿಬ್ಬರಿಗೂ ಏನಾದರೂ ಆದರೆ

ಮಗು ಹೆರುವುದಕ್ಕಾದರೆ ಒಂಬತ್ತು ತಿಂಗಳು ಸಾಕು. ಮಗು ತರಿಸಿಕೊಳ್ಳುವುದಕ್ಕೆ ಅದು ಯಾವ ಮೂಲೆಗೂ ಸಾಲದು ಎಂದು ಟೈಲರಮ್ಮನಿಗೆ ಗೊತ್ತಾಗುವ ಹೊತ್ತಿಗೆ ಫೈಲಿಗೆ ವರ್ಷ ತುಂಬಿಹೋಗಿತ್ತು. "ನೋಡು, ಹೇಗೆ ಮೈಕೈ ತುಂಬಿಕೊಂಡಿದೆ," ಎನ್ನುತ್ತಿದ್ದ ಅವಳ ಗಂಡ, ಫೈಲನ್ನು ಎರಡೂ ಕೈಯಲ್ಲಿ ಎತ್ತಿ ತೂಗುತ್ತ. "ಇನ್ನೇನು ಹಲ್ಲು ಬರುತ್ತೆ, ಆಮೇಲೆ ನಡಿಯುತ್ತೆ. ಬಾಗಿಲು ಹಾಕಿಟ್ಟಿರು ಕಣೇ, ಬೀದಿಗೆ ಹೋದೀತು."

ಗಂಡ ಗಡಿಯಾರ ರಿಪೇರಿ ಮಾಡುವವನು. ಇಬ್ಬರದೂ ಒಂದೇ ಅಂಗಡಿ, ನಡುವೆ ಒಂದು ಪರದೆ: ಈಚೆ ಅವಳ ಹೊಲಿಗೆ ಮೆಷಿನ್ನು, ಆಚೆ ಅವನ ಗಡಿಯಾರಗಳು. ಮದುವೆಯಾಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತೋರಿಸದ ಡಾಕ್ಟರಿರಲಿಲ್ಲ. ಸಮುದ್ರದಾಚೆಯ ಒಂದು ದೇಶದಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳಿದ್ದಾರೆ, ಕೇಳಿದವರಿಗೆ ಕೊಡುತ್ತಾರೆ ಎಂದು ಯಾರೋ ಹೇಳಿದ ಮೇಲೆ ದತ್ತು ಕಚೇರಿಯ ಮೆಟ್ಟಿಲು ಹತ್ತಿದ್ದರು. ಅಲ್ಲಿಂದ ಶುರುವಾಯಿತು ಕಾಗದದ ಬೇಟೆ. ಆರೋಗ್ಯದ್ದು, ಪೊಲೀಸರದ್ದು, ವರಮಾನದ್ದು, ಮನೆಯ ಒಂದೊಂದು ಕೋಣೆಯ ಫೋಟೊ, ಕಕ್ಕಸಿನದ್ದೂ ಬಿಡದೆ. ಪ್ರತಿಯೊಂದಕ್ಕೂ ಆ ದೇಶದ ಭಾಷೆಯಲ್ಲಿ ಅನುವಾದ, ಅನುವಾದ ಸರಿಯಿದೆ ಎಂದು ನೋಟರಿಯ ಮೊಹರು, ನೋಟರಿ ನಿಜವಾದ ನೋಟರಿಯೇ ಎಂದು ಮೇಲಿನ ಕಚೇರಿಯ ಮೊಹರು. "ಈ ಮೊಹರಿನವನು ಅವರಪ್ಪನಿಗೇ ಹುಟ್ಟಿದ್ದು ಅಂತ ಇನ್ನೊಂದು ಮೊಹರು ಬೇಡ್ವಾ ಮೇಡಂ?" ಎಂದು ಗಂಡ ಕೇಳಿದ್ದಕ್ಕೆ ಕಚೇರಿಯ ಮೇಡಂ ನಕ್ಕಿರಲಿಲ್ಲ. ಮಾತೆತ್ತಿದರೆ ಫೈಲು ಎನ್ನುತ್ತಿದ್ದ ಆಕೆಗೆ ಇವರು ಮನೆಯೊಳಗೆ ಇಟ್ಟುಕೊಂಡ ಹೆಸರು ಫೈಲಮ್ಮ.

ನಗದಿದ್ದರೂ ಫೈಲಮ್ಮ ಕೆಟ್ಟವಳಲ್ಲ. ಒಂದು ದಿನ ತಾನೇ ಅಂಗಡಿಗೆ ಬಂದು, ಕತ್ತರಿ ಟೇಪು ಸರಿಸಿ ಜಾಗ ಮಾಡಿ, ಮೇಜಿನ ಮೇಲೆ ಒಂದು ಫೋಟೊ ಇಟ್ಟಳು. ನಾಲ್ಕು ವರ್ಷದ ಹುಡುಗಿ. ಯಾರದೋ ದೊಡ್ಡ ಸ್ವೆಟರು ಹಾಕಿಸಿದ್ದರು. ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ, ಒಂದು ಅಂಚು ಮೇಲೆ ಒಂದು ಅಂಚು ಕೆಳಗೆ. ಟೈಲರಮ್ಮನ ಬೆರಳು ತಾನಾಗಿಯೇ ಫೋಟೊದ ಮೇಲೆ ಹೋಗಿ ಆ ಗುಂಡಿ ಬಿಚ್ಚಲು ನೋಡಿತು.

"ತಿಂಗಳ ಕೊನೆಗೆ ಫೈಲು ಅಲ್ಲಿಗೆ ತಲುಪಬೇಕು," ಎಂದಳು ಫೈಲಮ್ಮ. "ಇಲ್ಲದಿದ್ರೆ ಈ ಮಗು ಪಟ್ಟಿಯಲ್ಲಿ ನಿಮ್ಮ ಹಿಂದಿರೋರಿಗೆ ಹೋಗುತ್ತೆ. ನಿಮಗೆ ಇನ್ನೊಂದು ಸಿಗೋದು ಕಷ್ಟ. ವಯಸ್ಸಾಯ್ತಲ್ಲ."

ಆಕೆ ಅಂಗಡಿ ಮೆಟ್ಟಿಲು ಇಳಿಯುವ ಮೊದಲೇ ಟೈಲರಮ್ಮ ಹಳದಿ ಬಟ್ಟೆ ಹರಡಿ, ಕಣ್ಣಂದಾಜಿನಲ್ಲೇ ಅಳತೆ ಹಿಡಿದು ಫ್ರಾಕಿಗೆ ಕತ್ತರಿ ಹಾಕಿದ್ದಳು.

ಉಳಿದದ್ದು ಎರಡು ಕಾಗದ. ಒಂದು, ಅರ್ಜಿ ಹಾಕಿದವರು ಬಾಲ್ಯದಿಂದ ಹಿಡಿದು ಬರೆಯಬೇಕಾದ ತಮ್ಮ ಜೀವನದ ಕಥೆ. ಇನ್ನೊಂದು, 'ನಮಗಿಬ್ಬರಿಗೂ ಏನಾದರೂ ಆದರೆ' ಮಗುವನ್ನು ತಾವು ಸಾಕುತ್ತೇವೆ ಎಂದು ಬೇರೊಂದು ಗಂಡ-ಹೆಂಡತಿ ಸಹಿ ಹಾಕಬೇಕಾದ ಒಪ್ಪಿಗೆ. ಅದಕ್ಕೆ ಪಕ್ಕದ ಇಸ್ತ್ರಿ ಅಂಗಡಿಯವರು ಒಂದೇ ಮಾತಿಗೆ ಹೂಂ ಅಂದುಬಿಟ್ಟಿದ್ದರು. "ನಿಮಗೇನಾಗುತ್ತೆ, ಬಿಡ್ತು ಅನ್ನಿ. ಆದ್ರೂ ನಾವಿಲ್ವಾ? ನಾಲ್ಕು ತಟ್ಟೆ ಜೊತೆ ಐದನೇದು," ಎಂದಿದ್ದಳು ಇಸ್ತ್ರಿಯವನ ಹೆಂಡತಿ, ಇದ್ದಿಲು ಊದುತ್ತ.

ಎಡವಿದ್ದು ಮೊದಲನೆಯ ಕಾಗದದಲ್ಲಿ.

ಟೈಲರಮ್ಮನಿಗೆ ಅಪ್ಪನ ಮುಖ ನೆನಪಿಲ್ಲ. ಅಮ್ಮ ಹೋದಾಗ ಏಳು ವರ್ಷ. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಆಗಷ್ಟೇ ಮದುವೆಯಾಗಿದ್ದಳು. ತಂಗಿಯನ್ನು ತನ್ನ ಮನೆಗೆ ಕರೆತಂದಳು. ಎಲ್ಲಿ ಹೋದರೂ ಹಿಂದೆಯೇ ಬರುತ್ತಿದ್ದ ಅವಳಿಗೆ 'ಬಾಲ' ಎಂದು ಹೆಸರಿಟ್ಟಳು. ಬಾಲ ಪಾತ್ರೆ ತಿಕ್ಕಿದಳು, ನೀರು ಹೊತ್ತಳು, ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು. ಲೋಟ ಒಡೆದರೆ ಅಡುಗೆಮನೆಯ ಹಿಂದಿನ ಸಾಮಾನು ಕೋಣೆ, ಹೊರಗಿನಿಂದ ಚಿಲಕ. ಒಂದು ಸಲ ಇಸ್ತ್ರಿ ಮಾಡುವಾಗ ಅಕ್ಕನ ಹೊಸ ಬಟ್ಟೆ ಸುಟ್ಟು ತೂತಾಯಿತು. ಅಕ್ಕ ಕೂಗಾಡಲಿಲ್ಲ. "ಬಟ್ಟೆಗೆ ಹೇಗಾಯ್ತು ಅಂತ ನಿನಗೂ ಗೊತ್ತಾಗಬೇಕಲ್ಲ," ಎಂದು ಸಮಾಧಾನವಾಗಿ ಹೇಳಿ, ಅವಳ ಎಡಗೈ ಹಿಡಿದು ಅಂಗೈಯನ್ನು ಕಾದ ಇಸ್ತ್ರಿ ಪೆಟ್ಟಿಗೆಗೆ ಒತ್ತಿದಳು. ಡ್ಯೂಟಿಗೆ ಹೊರಟಿದ್ದ ಭಾವ, ಇಸ್ತ್ರಿಗೆಂದು ಯೂನಿಫಾರಂ ಷರ್ಟು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ನೋಡಿದ. ಆ ಸುಕ್ಕು ಷರ್ಟನ್ನೇ ತೊಟ್ಟು ಹೊರಟುಹೋದ.

ಭಾವ ಬಸ್ ಕಂಡಕ್ಟರು. ಬಸ್ಸಿನಲ್ಲಿ ನೂರು ಜನರನ್ನು ಗದರಿಸಿ ಒಳಕ್ಕೆ ತಳ್ಳುತ್ತಿದ್ದವನು ಹೆಂಡತಿಯ ಮುಂದೆ ತುಟಿ ಬಿಚ್ಚಿದವನಲ್ಲ. ಅವನು ಮಾಡಿದ್ದು ಒಂದೇ: ಬಾಲ ಸಾಮಾನು ಕೋಣೆಯಲ್ಲಿದ್ದಾಗ ಬಸ್ ಟಿಕೆಟಿನಲ್ಲಿ ಪುಟ್ಟ ಹಕ್ಕಿ ಮಡಚಿ, ಬಾಗಿಲ ಕೆಳಗಿನ ಸಂದಿಯಿಂದ ಒಳಕ್ಕೆ ತಳ್ಳುತ್ತಿದ್ದ. ಹಕ್ಕಿ ಬರುತ್ತಿತ್ತು. ಚಿಲಕ ತೆಗೆಯುತ್ತಿರಲಿಲ್ಲ.

ಇದರಲ್ಲಿ ಒಂದಕ್ಷರವನ್ನೂ ಟೈಲರಮ್ಮ ಯಾರ ಮುಂದೆಯೂ ಆಡಿದವಳಲ್ಲ. ಅಂಗೈ ಕಲೆಯ ಬಗ್ಗೆ ಗಂಡ ಕೇಳಿದಾಗ "ಚಿಕ್ಕೋಳಿದ್ದಾಗ ಪೆಟ್ಟಿಗೆ ಬಿತ್ತು" ಎಂದಿದ್ದಳು. ಮನೆ ಮಾತು ಬೀದಿಗೆ ಬರಬಾರದು ಎಂದು ಕಲಿಸಿದವಳೂ ಅಕ್ಕನೇ, ಅದೊಂದನ್ನು ಬಲು ಚೆನ್ನಾಗಿ ಕಲಿಸಿದ್ದಳು. ಹಾಗಾಗಿ ಬಾಲ್ಯದ ಬಗ್ಗೆ ಬರೆಯಿರಿ ಎಂದಾಗ ಪೆನ್ನು ಹಿಡಿದ ಕೈ ತನ್ನಷ್ಟಕ್ಕೆ ತಾನೇ ಜರಿ ಹಚ್ಚತೊಡಗಿತು. 'ಅಮ್ಮ ಇಲ್ಲವೆಂದು ನಾನು ಎಂದೂ ಅತ್ತವಳಲ್ಲ. ಅತ್ತರೂ ಕಣ್ಣೊರೆಸಲು ಅಕ್ಕನ ಕೈ ಇರುತ್ತಿತ್ತು.' ಅಕ್ಕ ಜಡೆ ಹೆಣೆದಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡಳು, ತಾನು ಹಸಿದು ತಂಗಿಗೆ ಉಣಿಸಿದಳು. ಮೂರು ಪುಟ. ಬರೆಯುತ್ತ ಬರೆಯುತ್ತ ಟೈಲರಮ್ಮನಿಗೇ ಅಳು ಬಂತು. ಇಂಥ ಅಕ್ಕ ಯಾರಿಗುಂಟು, ಯಾರಿಗಿಲ್ಲ!

ಓದಿದ ಫೈಲಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಇಸ್ತ್ರಿಯವರ ಒಪ್ಪಿಗೆಯನ್ನು ಫೈಲಿನಿಂದ ಎಳೆದು ಪಕ್ಕಕ್ಕಿಟ್ಟಳು.

"ಇಂಥಾ ಅಕ್ಕ ಇರುವಾಗ ಪಕ್ಕದಂಗಡಿಯವರು ಯಾಕ್ರೀ? ಅಲ್ಲಿಯವರು ಮೊದಲು ನೋಡೋದು ರಕ್ತಸಂಬಂಧ. ಅಕ್ಕ ಇದ್ದೂ ಬೇರೆಯವರ ಸಹಿ ಯಾಕೆ ಅಂತ ಒಂದು ಪ್ರಶ್ನೆ ಹಾಕಿದ್ರೆ ಸಾಕು, ಫೈಲು ವಾಪಸು ನನ್ನ ಮೇಜಿಗೆ."

"ಅಕ್ಕಂಗೆ ಪುರುಸೊತ್ತಿರಲ್ಲ ಮೇಡಂ..."

"ಹೆತ್ತತಾಯಿ ಹಾಗೆ ಸಾಕಿದೋರಿಗೆ ಒಂದು ಸಹಿ ಹಾಕೋಕೆ ಪುರುಸೊತ್ತಿಲ್ವಾ?"

ಜೇಡಕ್ಕಾದರೂ ತಾನು ನೇಯ್ದ ಬಲೆಯಲ್ಲಿ ನಡೆಯುವುದು ಗೊತ್ತು. ಗಂಡ ಬೇರೆ ಪರದೆಯಾಚೆಯಿಂದ ಖುಷಿಯಾಗಿ ಕೂಗಿದ: "ಅದೇ ಸರಿ! ನಾನು ಮೊದಲೇ ಅಂದಿರಲಿಲ್ವಾ, ಅಕ್ಕನ್ನೇ ಕೇಳೋಣ ಅಂತ?"

ಅಕ್ಕನ ಮನೆ ಊರಿನ ಇನ್ನೊಂದು ತುದಿ. ಇವರನ್ನು ಕಂಡದ್ದೇ ಅಕ್ಕ ಮುಖವನ್ನೆಲ್ಲ ಅರಳಿಸಿಕೊಂಡು ಬಾಗಿಲಿಗೆ ಬಂದಳು. "ಬನ್ನಿ ಬನ್ನಿ! ಊರಿನ ಟೈಮೆಲ್ಲ ರಿಪೇರಿ ಮಾಡೋರಿಗೆ ನಮ್ಮನೆಗೆ ಬರೋಕೆ ಮಾತ್ರ ಟೈಮಿಲ್ಲ." ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಫೋಟೊ ನೋಡಿ ಲೊಚಗುಟ್ಟಿದಳು. "ಅಯ್ಯೋ, ಸಹಿ ತಾನೆ? ಒಂದಲ್ಲ ಹತ್ತು ಹಾಕ್ತೀನಿ. ನನ್ನ ಬಾಲದ ಬಾಲ ಅಲ್ವಾ ಇದು! ಆದರೆ ಇವತ್ತು ಬೇಡ ಕಣೇ, ತಲೆನೋವು. ಬರೋ ವಾರ ಬಾ. ಅಂದಹಾಗೆ ಈ ಕಿಟಕಿ ಪರದೆ ನೋಡು, ಎಷ್ಟು ಗಬ್ಬೆದ್ದಿದೆ."

ಬಾಲ ಪರದೆ ಹೊಲಿದುಕೊಂಡು ಹೋದಳು. ಅಂದು ಭಾವ ಮನೆಯಲ್ಲಿರಲಿಲ್ಲ, ಇಬ್ಬರ ಸಹಿ ಒಟ್ಟಿಗೇ ಆಗಲಿ ಎಂದಳು ಅಕ್ಕ. ಹಾಸಿಗೆಗೆ ಹೊದಿಕೆ ಬೇಕಿತ್ತು. ಹೊದಿಕೆ ತಂದ ದಿನ, ಸೋಫಾ ಒಂದು ಮಾತ್ರ ಬೋಳಾಗಿ ಕಾಣುತ್ತದೆ ಎಂದಳು. ಮಾತು ಬೆಣ್ಣೆ, ಸಹಿ ಕಬ್ಬಿಣ. ತಿಂಗಳು ಕರಗುತ್ತ ಬಂತು. ಕೊನೆಗೆ ಒಂದು ದಿನ ಗಂಡನೇ, ಹೊಗಳಿದರೆ ಕೆಲಸ ಬೇಗ ಆದೀತೆಂದು, ಬಾಯಿಬಿಟ್ಟ: "ನಿಮ್ಮ ಬಗ್ಗೆ ಇವಳು ಏನೇನು ಬರೆದಿದ್ದಾಳೆ ಗೊತ್ತಾ ಅತ್ತಿಗೆ? ಓದಿ ಆ ಕಲ್ಲಿನಂಥ ಮೇಡಂ ಅತ್ತುಬಿಟ್ರು. ಜಡೆ ಹೆಣೀತಿದ್ದದ್ದು, ಜ್ವರದಲ್ಲಿ ಮಡಿಲಲ್ಲಿ ಮಲಗಿಸಿಕೊಂಡಿದ್ದು..."

ಅಕ್ಕ ತಂಗಿಯ ಕಡೆ ತಿರುಗಿದಳು. ಬೆಕ್ಕು ತಟ್ಟೆಯ ಕಡೆ ತಿರುಗುವಷ್ಟೇ ನಿಧಾನವಾಗಿ.

"ಹೌದಾ? ಮಡಿಲಲ್ಲಿ ಮಲಗಿಸಿಕೊಂಡಿದ್ನಾ?"

ಟೈಲರಮ್ಮ ಸೋಫಾದ ಹೊಲಿಗೆ ನೋಡುತ್ತ ಕೂತಳು.

"ನಿಮ್ಮ ಮೇಡಂ ಇಲ್ಲಿಗೇ ಬರಲಿ," ಎಂದಳು ಅಕ್ಕ. "ಅವರ ಮುಂದೆಯೇ ಹಾಕ್ತೀನಿ ಸಹಿ. ಆದರೆ ಮೊದಲು ನೀನು ಅದನ್ನ ಓದಬೇಕು ಬಾಲ. ಎದ್ದು ನಿಂತು, ಗಟ್ಟಿಯಾಗಿ. ನಾನೂ ಕೇಳ್ತೀನಿ, ನಾನು ಎಂಥೋಳು ಅಂತ."

ಫೈಲಮ್ಮ ಬಂದ ದಿನ ಹೊಸ ಪರದೆ, ಹೊಸ ಹೊದಿಕೆ, ಹೊಸ ಸೋಫಾ ಬಟ್ಟೆ ಎಲ್ಲ ಮಿಂಚುತ್ತಿತ್ತು. ಭಾವ ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ. ಅದೇ ವರ್ಷ ರಿಟೈರಾದವನು. ದಿನಾ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಹಳೆಯ ಜೊತೆಗಾರರ ಹತ್ತಿರ ಹರಟೆ ಹೊಡೆದು ಬರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಟೈಲರಮ್ಮ ಎದ್ದು ನಿಂತು ಓದಿದಳು. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯ ಹಾಗೆ.

"ಒಂದು ನಿಮಿಷ," ಎಂದಳು ಅಕ್ಕ. "ಆ ಕಣ್ಣೊರೆಸೋದು ಇದೆಯಲ್ಲ, ಅಲ್ಲಿಂದ ಇನ್ನೊಂದು ಸಲ ಓದು. ಮೇಡಂಗೆ ಸರಿಯಾಗಿ ಕೇಳಿಸಲಿಲ್ಲ ಅನ್ಸುತ್ತೆ."

"ಅತ್ತರೂ ಕಣ್ಣೊರೆಸಲು ಅಕ್ಕನ ಕೈ ಇರುತ್ತಿತ್ತು," ಎಂದು ಓದಿದಳು ತಂಗಿ.

"ಯಾವ ಕೈ?"

"ಅಕ್ಕನ ಕೈ."

"ನಾನು ಮಾಡಿದ್ದು ಏನು ಮಹಾ ಬಿಡಿ ಮೇಡಂ," ಎಂದು ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಈ ಮಗು ನನ್ನ ಕೈಗೆ ಬಂದ್ರೂ ಇವಳನ್ನ ಹೇಗೆ ಸಾಕಿದ್ನೋ ಹಾಗೇ ಸಾಕ್ತೀನಿ. ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ." ಎಂದವಳೇ ಸಹಿ ಹಾಕಿ ಪೆನ್ನನ್ನು ಗಂಡನ ಕಡೆ ಚಾಚಿದಳು.

ಭಾವ ಪೆನ್ನು ತೆಗೆದುಕೊಂಡ. ಅದರ ಮುಚ್ಚಳ ಹಾಕಿದ. ಮೇಜಿನ ಮೇಲಿಟ್ಟ.

"ನಾನು ಹಾಕಲ್ಲ."

"ರೀ, ತಮಾಷೆ ಸಾಕು."

"ಆ ಹುಡುಗಿ ಎಡಗೈಲಿ ಸುಟ್ಟ ಕಲೆ ಇದೆ ನೋಡಿ ಮೇಡಂ. ಇವಳೇ ಹಿಡಿದು ಕಾದ ಇಸ್ತ್ರಿ ಪೆಟ್ಟಿಗೆಗೆ ಒತ್ತಿದ್ದು. ನಾನು ನಿಂತು ನೋಡಿದ್ದೆ. ಅಲ್ಲಿ ಹಿಂದಿನ ಕೋಣೆಗೆ ಹಾಕಿ ಚಿಲಕ ಹಾಕ್ತಿದ್ಲು, ಅದನ್ನೂ ನೋಡಿದ್ದೆ." ಭಾವ ಯಾರ ಮುಖವನ್ನೂ ನೋಡದೆ, ಬಸ್ ಸ್ಟಾಪುಗಳ ಹೆಸರು ಕೂಗುವವನ ಹಾಗೆ ಒಂದೊಂದಾಗಿ ಹೇಳಿದ. "ಒಂದು ಮಗು ವಿಷಯದಲ್ಲಿ ಸುಮ್ಮನಿದ್ದೆ. ಇನ್ನೊಂದನ್ನ ಈ ಮನೆಗೆ ಬರೆದುಕೊಡಲಾರೆ."

ಮೂವತ್ತು ವರ್ಷ ತಡವಾಗಿ ಬಂದ ಬಸ್ಸು ಅದು. ಬಂದದ್ದೇ, ಕಾಯುತ್ತ ನಿಂತವಳ ಮೇಲೆಯೇ ಹಾಯಿತು.

ಫೈಲಮ್ಮ ಕನ್ನಡಕ ಸರಿಮಾಡಿಕೊಂಡು ಟೈಲರಮ್ಮನನ್ನು ನೋಡಿದಳು. "ಇವರು ಹೇಳಿದ್ದು ನಿಜವಾದ್ರೆ ನೀವು ಬರೆದಿದ್ದು ಸುಳ್ಳು. ಸುಳ್ಳು ಬರೆದೋರ ಫೈಲು ಇಲ್ಲಿಗೇ ಮುಗೀತು. ನಿಜ ಯಾವುದು ಹೇಳಿ."

ಗಂಡ ಅವಳ ಎಡಗೈಯನ್ನು ನೋಡುತ್ತಿದ್ದ. ಭಾವನೂ ನೋಡುತ್ತಿದ್ದ, ಈಗಲಾದರೂ ಅವಳು ಬಾಯಿಬಿಡುತ್ತಾಳೆ, ತನ್ನ ಹೊರೆ ಇಳಿಯುತ್ತದೆ ಎಂಬ ಮುಖದಲ್ಲಿ. ಟೈಲರಮ್ಮ ನೋಡಿದ್ದು ಫೈಲಿಗೆ ಸಿಕ್ಕಿಸಿದ್ದ ಫೋಟೊವನ್ನು. ತಪ್ಪಿ ಹಾಕಿದ ಗುಂಡಿ ಹಾಗೆಯೇ ಇತ್ತು.

"ತಪ್ಪು ತಿಳ್ಕೋಬೇಡಿ ಮೇಡಂ," ಎಂದಳು. ತನ್ನ ಧ್ವನಿ ಅಷ್ಟು ನಯವಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಭಾವ ತುಂಬಾ ಒಳ್ಳೆಯೋರು. ಆದರೆ ಈಚೆಗೆ ಸ್ವಲ್ಪ..."

"ಅರವತ್ತಕ್ಕೆ ಅರಳುಮರಳು ಅಂತಾರಲ್ಲ ಮೇಡಂ," ಎಂದು ಅಕ್ಕ ಆ ಮಾತನ್ನು ಗಾಳಿಯಲ್ಲೇ ಹಿಡಿದಳು. "ಹೇಳ್ಕೊಳ್ಳೋಕೆ ನಾಚಿಕೆ. ಒಮ್ಮೆ ಸ್ನಾನ ಮಾಡಿ ಬಂದೋರು ಮತ್ತೆ ಟವೆಲ್ ಕೇಳ್ತಾರೆ."

"ಮೊನ್ನೆ ನನ್ನನ್ನೇ ನೋಡಿ ಯಾರಮ್ಮ ನೀನು ಅಂದ್ರು."

"ಬಸ್ ಸ್ಟ್ಯಾಂಡಿಗೆ ಹೋಗಿ ಟಿಕೆಟ್ ಟಿಕೆಟ್ ಅಂತ ಕೂಗ್ತಾರೆ."

"ನನ್ನ ಕೈ ಸುಟ್ಟಾಗ ಇವರು ಊರಲ್ಲೇ ಇರಲಿಲ್ಲ ಮೇಡಂ. ಮುಲಾಮು ಹಚ್ಚಿದ್ದು ಅಕ್ಕ."

ಎರಡು ಜಡೆ ಸೇರಲ್ಲ ಅನ್ನುತ್ತಾರೆ. ಅವತ್ತು ಸೇರಿತು, ಮೂರನೆಯವನ ಕತ್ತಿಗೆ ಸುತ್ತಿಕೊಳ್ಳುವುದಕ್ಕೆ. ಒಬ್ಬಳು ಎಳೆ ಕೊಟ್ಟರೆ ಇನ್ನೊಬ್ಬಳು ಹೊಸೆದಳು. ಹುಟ್ಟಿದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವರ ಹಾಗೆ. ಭಾವ ಅವಳ ಮುಖ, ಇವಳ ಮುಖ ನೋಡುತ್ತ ಕೂತ. ಕೈಯಲ್ಲಿ ಟಿಕೆಟ್ ಇದ್ದೂ ಚೆಕಿಂಗಿನವರು ಬಸ್ಸಿನಿಂದ ಇಳಿಸಿದರೆ ಪ್ರಯಾಣಿಕನ ಮುಖ ಹೀಗಾಗುತ್ತದೆ. ಅದನ್ನು ಅವನು ಕೆಲಸದಲ್ಲಿದ್ದಾಗ ಎಷ್ಟೋ ಸಲ ಕಂಡಿದ್ದ.

ಫೈಲಮ್ಮ ಪೆನ್ನು ತಿರುಗಿಸುತ್ತ ಯೋಚಿಸಿದಳು. ಅವಳಿಗೂ ತಿಂಗಳ ಕೊನೆ ಹತ್ತಿರವಾಗಿತ್ತು. "ಬುದ್ಧಿ ಸ್ತಿಮಿತದಲ್ಲಿಲ್ಲ ಅಂತ ಡಾಕ್ಟರು ಬರೆದುಕೊಟ್ರೆ ಇವರ ಮಾತು ಲೆಕ್ಕಕ್ಕಿಲ್ಲ, ಅಕ್ಕ ಒಬ್ಬರ ಸಹಿ ಸಾಕು. ಕೊಡಲಿಲ್ಲ ಅಂದ್ರೆ ಇವರು ಹೇಳಿದ್ದನ್ನ ನಾನು ಹಾಗೇ ಬರೀಬೇಕಾಗುತ್ತೆ."

ಮನೆಗೆ ಹೋಗುವ ದಾರಿಯಲ್ಲಿ ಗಂಡ ಕೇಳಿದ, "ಭಾವ ಹೇಳಿದ್ದು..."

"ಅರಳುಮರಳು ರೀ."

ಹಾಳಾದ ಗಡಿಯಾರ ಯಾವುದು, ಸರಿಯಾದದ್ದು ಯಾವುದು ಎಂದು ಕಿವಿಗಿಟ್ಟುಕೊಂಡರೆ ಸಾಕು ಗಂಡನಿಗೆ ತಿಳಿಯುತ್ತದೆ. "ಮಗುಗೆ ಮಂಚ ನೋಡ್ಕೊಂಡು ಬರೋಣ್ವಾ?" ಎಂದ.

ಭಾವನನ್ನು ಡಾಕ್ಟರ ಹತ್ತಿರ ಟೈಲರಮ್ಮನೇ ಕರೆದುಕೊಂಡು ಹೊರಟಳು. ಅಕ್ಕ ಬಂದರೆ ಅವನು ಮಾತಾಡುವುದೇ ಇಲ್ಲ. ಮಾತಾಡದಿದ್ದರೆ ಡಾಕ್ಟರು ಏನು ಬರೆದಾರು? ಬಸ್ಸಿನಲ್ಲಿದ್ದ ಕಂಡಕ್ಟರು ಭಾವನ ಗುರುತಿನವನು. "ನಿಮ್ಮ ಹತ್ರ ಟಿಕೆಟ್ ಕೇಳಿದ್ರೆ ನನ್ನ ಕೈ ಬಿದ್ದುಹೋಗುತ್ತೆ ಅಣ್ಣಾ," ಎಂದ. ಭಾವ ಒಪ್ಪಲಿಲ್ಲ. "ಟಿಕೆಟ್ ಇಲ್ಲದೆ ನಾನು ಸೀಟಲ್ಲಿ ಕೂರೋನಲ್ಲಪ್ಪ." ಟಿಕೆಟ್ ಹರಿಸಿಕೊಂಡು ಜೇಬಿಗಿಟ್ಟ.

"ಭಾವ, ಡಾಕ್ಟರು ಏನಾದ್ರೂ ಕೇಳಿದ್ರೆ..." ಎಂದು ಟೈಲರಮ್ಮ ಶುರುಮಾಡಿದಳು.

"ತಪ್ಪು ತಪ್ಪು ಹೇಳಬೇಕು. ಅಷ್ಟೇ ತಾನೆ?"

ಅವಳು ತಲೆಯಾಡಿಸಿದಳು.

"ಹೇಳಲ್ಲ ಮರಿ. ಜನ್ಮದಲ್ಲಿ ಒಂದೇ ಒಂದು ಸಲ ಸರಿಯಾಗಿ ಮಾತಾಡಿದ್ದೀನಿ, ಅದನ್ನೂ ಕಿತ್ಕೋಬೇಡ."

"ಆ ಮಗು ಅಕ್ಕನ ಕೈಗೆ ಹೋಗಬೇಕಂದ್ರೆ ನಾವಿಬ್ರೂ ಸಾಯಬೇಕು ಭಾವ. ನಾವು ಸಾಯಲ್ಲ."

"ಸಾವೇನು ನಿನ್ನ ಹತ್ರ ಅಳತೆ ಕೊಟ್ಟು ಬರುತ್ತಾ?"

ಟೈಲರಮ್ಮ ಕಿಟಕಿಯ ಆಚೆ ನೋಡುತ್ತ ಹೇಳಿದಳು, "ಅವತ್ತೆಲ್ಲ ಚಿಲಕ ತೆಗೀಲಿಲ್ಲ. ಇವತ್ತು ಒಂದು ಬಾಗಿಲು ತೆರೆದ್ರೆ ಅದನ್ನ ಹಾಕೋಕೆ ಬಂದಿದ್ದೀರಿ. ನಿಮಗೆ ಬರೋದು ಹಕ್ಕಿ ಮಾಡೋದೊಂದೇ."

ಆಸ್ಪತ್ರೆಯ ಸ್ಟಾಪು ಬಂತು, ಇಳಿದರು.

ಡಾಕ್ಟರು ಎಳೆಯ ವಯಸ್ಸಿನವನು, ಮರ್ಯಾದೆಯವನು. ಇವತ್ತು ಯಾವ ವಾರ ಎಂದ. ಭಾವ ಬುಧವಾರ ಎಂದ. ಸರಿ. ನೂರರಿಂದ ಏಳೇಳು ಕಳೆಯಿರಿ ಎಂದ. ಚಿಲ್ಲರೆ ಎಣಿಸಿಯೇ ಮುದುಕನಾದವನಿಗೆ ಅದೊಂದು ಲೆಕ್ಕವೇ? ಡಾಕ್ಟರು ಸಾಕು ಸಾಕು ಎನ್ನುವವರೆಗೆ ಕಳೆದ. ಇವರು ಯಾರು? "ನನ್ನ ಹೆಂಡತಿ ತಂಗಿ. ನಮ್ಮ ಮನೆಯಲ್ಲೇ ಬೆಳೆದ ಮಗು." ಡಾಕ್ಟರು ಪೆನ್ನು ಕೆಳಗಿಟ್ಟು, ಇವರನ್ನು ಯಾಕೆ ಕರೆತಂದಿರಿ ಎಂಬಂತೆ ಟೈಲರಮ್ಮನನ್ನು ನೋಡಿದ.

"ಇಲ್ಲಿಗೆ ಹೇಗೆ ಬಂದ್ರಿ?" ಎಂದು ಡಾಕ್ಟರು ಸುಮ್ಮನೆ, ಮುಗಿಸುವ ಧಾಟಿಯಲ್ಲಿ ಕೇಳಿದ.

"ಬಸ್ಸಲ್ಲಿ."

"ಟ್ಯಾಕ್ಸಿಯಲ್ಲಿ ಬಂದದ್ದು ಡಾಕ್ಟ್ರೇ," ಎಂದಳು ಟೈಲರಮ್ಮ. ಮೆತ್ತಗೆ, ದುಃಖದಿಂದ, ದಿನಾ ಹೇಳಿ ಹೇಳಿ ಸಾಕಾದವಳ ಹಾಗೆ. "ದಾರಿಯುದ್ದಕ್ಕೂ ಡ್ರೈವರಿಗೆ ಟಿಕೆಟ್ ಕೊಡು ಟಿಕೆಟ್ ಕೊಡು ಅಂತಿದ್ರು."

ಡಾಕ್ಟರು ಮತ್ತೆ ಪೆನ್ನು ತೆಗೆದುಕೊಂಡ.

ಭಾವನ ಕೈ ಎದ್ದು ಷರ್ಟಿನ ಜೇಬಿಗೆ ಹೋಯಿತು. ಎರಡು ಬೆರಳು ಒಳಗೆ ಹೋದವು. ಟಿಕೆಟಿನ ತುದಿ ಬೆಳ್ಳಗೆ ಇಣುಕಿತು. ಅವಳಿಗೆ ಕಂಡಿತು, ಡಾಕ್ಟರಿಗೆ ಕಾಣಲಿಲ್ಲ. ಆಗ ಭಾವ ಅವಳ ಕಡೆ ನೋಡಿದ. ಅವಳು ಬೇಡಿಕೊಳ್ಳಲಿಲ್ಲ, ಕಣ್ಣು ತುಂಬಿಕೊಳ್ಳಲಿಲ್ಲ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಬಿಚ್ಚಿ ಇಟ್ಟಳು, ಅಷ್ಟೆ. ಸಾಲ ವಸೂಲಿಗೆ ಬಂದವರು ಪತ್ರ ತೋರಿಸುವ ಹಾಗೆ.

ಬೆರಳು ಬರಿದೇ ಹೊರಗೆ ಬಂದವು.

"ಹೌದು, ಟ್ಯಾಕ್ಸಿ," ಎಂದ ಭಾವ. "ಮರೆತೆ."

"ಇವತ್ತು ಯಾವ ವಾರ ಅಂದ್ರಿ?"

"ಭಾನುವಾರ."

"ಇವರು ಯಾರು, ಇನ್ನೊಂದು ಸಲ ನೋಡಿ ಹೇಳಿ."

ಭಾವ ಅವಳನ್ನು ಬಹಳ ಹೊತ್ತು ನೋಡಿದ.

"ಗೊತ್ತಿಲ್ಲ," ಎಂದ.

ಅದೊಂದು ಉತ್ತರ ಸುಳ್ಳೋ ನಿಜವೋ ಟೈಲರಮ್ಮನಿಗೆ ತಿಳಿಯಲಿಲ್ಲ.

ಫೈಲು ಹೊತ್ತಿಗೆ ಸರಿಯಾಗಿ ಸಮುದ್ರ ದಾಟಿತು. ಮಗು ಈಚೆಗೆ ದಾಟಿ ಬಂತು. ಹಳದಿ ಫ್ರಾಕು ಅಳೆದು ಹೊಲಿದ ಹಾಗೆ ಕೂತಿತು. ರಸ್ತೆ ದಾಟುವಾಗ ಟೈಲರಮ್ಮ ಈಗ ಎರಡೆರಡು ಸಲ ಆಚೀಚೆ ನೋಡುತ್ತಾಳೆ, ಗಂಡ ಸೀನಿದರೆ ಮಾತ್ರೆ ನುಂಗಿಸುತ್ತಾಳೆ. "ಯಾಕೇ, ನಾನು ಸಾಯಬಾರದು ಅಂತ ಫೈಲಲ್ಲಿ ಬರೆದುಕೊಟ್ಟಿದ್ದೀಯಾ?" ಎಂದು ಅವನು ನಗುತ್ತಾನೆ. ಅವಳು ನಗುವುದಿಲ್ಲ. ಮಗು ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಇನ್ನೂ ಎರಡು ವರ್ಷ ಫೈಲಮ್ಮ ಆಗಾಗ ಬಂದು ವರದಿ ಬರೆಯುತ್ತಾಳೆ. ಯಾವುದಾದರೂ ಕಾಗದ ಸುಳ್ಳೆಂದು ಕಂಡರೆ ಅಲ್ಲಿಯವರು ಮಗುವನ್ನು ವಾಪಸು ಕೇಳಬಹುದು.

ಅಕ್ಕ ಎಂಟು ದಿನಕ್ಕೊಮ್ಮೆ ಹೇಳಿ ಕಳಿಸುತ್ತಿದ್ದಳು, ಮಗುವನ್ನು ತೋರಿಸು, ಮಗುವನ್ನು ತೋರಿಸು ಎಂದು. ಹೋಗದೆ ವಿಧಿಯಿರಲಿಲ್ಲ, ಸಹಿ ಅವಳದ್ದು. ಹೋದರೆ ಬಾಗಿಲ ಪಕ್ಕದ ಸ್ಟೂಲು ಖಾಲಿ.

"ಹಿಂದಿನ ಕೋಣೆಗೆ ಹಾಕಿದ್ದೀನಿ ಕಣೇ," ಎಂದಳು ಅಕ್ಕ, ಬಿಸ್ಕತ್ತು ಜೋಡಿಸುತ್ತ. "ಡಾಕ್ಟರೇ ಬರೆದುಕೊಟ್ಟ ಮೇಲೆ ಬಸ್ ಸ್ಟ್ಯಾಂಡು ಗಿಸ್ ಸ್ಟ್ಯಾಂಡು ಅಂತ ಬಿಡೋಕಾಗುತ್ತಾ? ಕಳೆದು ಗಿಳೆದು ಹೋದ್ರೆ? ಮೊದಮೊದಲು ಬಾಗಿಲು ಬಡೀತಿದ್ರು, ನಂಗೆ ಬುದ್ಧಿ ಸರಿ ಇದೆ ಅಂತ. ಅಕ್ಕಪಕ್ಕದೋರಿಗೆ ಸರ್ಟಿಫಿಕೇಟು ತೋರಿಸಿದೆ. ಅಯ್ಯೋ ಪಾಪ, ನಿಮ್ಮ ತಾಳ್ಮೆಗೆ ಏನು ಹೇಳೋಣ ಅಂದ್ರು. ಈಗ ಬಡಿಯಲ್ಲ."

ಅಷ್ಟರಲ್ಲಿ ಮಗುವಿನ ಕೈಯಿಂದ ಗಾಜಿನ ಲೋಟ ಜಾರಿ ಚೂರಾಯಿತು. ಟೈಲರಮ್ಮ ಕೂತಲ್ಲೇ ಏಳು ವರ್ಷದವಳಾದಳು.

"ಹೋಗಲಿ ಬಿಡು, ಲೋಟ ತಾನೆ," ಎಂದಳು ಅಕ್ಕ. ಮಗುವನ್ನು ಹತ್ತಿರಕ್ಕೆಳೆದು, ಅದರ ಎಡಗೈ ಬಿಡಿಸಿ, ಪುಟ್ಟ ಅಂಗೈ ಮೇಲೆ ತನ್ನ ಹೆಬ್ಬೆರಳನ್ನು ನಿಧಾನವಾಗಿ ಆಡಿಸಿದಳು. ಕಣ್ಣು ತಂಗಿಯ ಮೇಲಿತ್ತು. "ಎಷ್ಟು ಮೆತ್ತಗಿದೆ ನೋಡೇ ಬಾಲ. ನಿಂದೂ ಹೀಗೇ ಇತ್ತು."

ಟೈಲರಮ್ಮ ನಕ್ಕಳು. ನಗಲೇಬೇಕಿತ್ತು. ಚೂರು ಆರಿಸಿ ಎಸೆದು ಬರುವಷ್ಟರಲ್ಲಿ ಮಗು ಕಾಣಲಿಲ್ಲ. ಅಡುಗೆಮನೆ ದಾಟಿ ಓಡಿದರೆ, ಸಾಮಾನು ಕೋಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಗಿಲ ಕೆಳಗಿನ ಸಂದಿ ನೋಡುತ್ತಿತ್ತು. ಸಂದಿಯಿಂದ ಕಾಗದದ ಒಂದು ಹಕ್ಕಿ ಅರ್ಧ ಹೊರಗೆ ಬಂದಿತ್ತು. ಬಸ್ಸು ಹತ್ತದವನಿಗೆ ಹೊಸ ಟಿಕೆಟ್ ಎಲ್ಲಿಂದ ಬರಬೇಕು? ಮಡಿಕೆಯ ಮೇಲೆ ತಾರೀಕು ಕಾಣುತ್ತಿತ್ತು. ಡಾಕ್ಟರ ಹತ್ತಿರ ಹೋದ ಆ ಬುಧವಾರದ್ದು.

"ಹಕ್ಕಿ," ಎಂದಿತು ಮಗು. ಬಂದ ಮೇಲೆ ಕಲಿತ ನಾಲ್ಕಾರು ಮಾತಲ್ಲಿ ಅದೂ ಒಂದು.

"ಮರಿ?" ಎಂದು ಬಾಗಿಲಾಚೆಯಿಂದ ಧ್ವನಿ ಬಂತು. "ಬಂದ್ಯಾ ಮರಿ?"

ಚಿಲಕ ಟೈಲರಮ್ಮನ ಎದೆಯ ಮಟ್ಟಕ್ಕಿತ್ತು. ಚಿಕ್ಕವಳಿದ್ದಾಗ ಅದು ಎಷ್ಟು ಎತ್ತರದಲ್ಲಿದೆ ಅನ್ನಿಸುತ್ತಿತ್ತು! ಅವಳು ಬಗ್ಗಿ ಹಕ್ಕಿಯನ್ನು ಎಳೆದು, ಹಿಂಡಿ, ಮುಷ್ಟಿಯೊಳಗೆ ಹಾಕಿಕೊಂಡಳು. ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು.

"ಇಲ್ಲಿಗೆ ಬರಬಾರದು ಪುಟ್ಟಾ. ಅಜ್ಜಂಗೆ ತಲೆ ಸರಿಯಿಲ್ಲ."

ಮಗುವಿಗೆ ಅರ್ಥವಾಗಲಿಲ್ಲ. ಆಗ ಅವಳು ಬೆರಳನ್ನು ಕಣತಲೆಯ ಹತ್ತಿರ ಇಟ್ಟು ತಿರುಗಿಸಿ ತೋರಿಸಿದಳು. ಮಗುವಿಗೆ ಅದು ಬಹಳ ಮಜವಾಯಿತು. ಕಿಲಕಿಲ ನಕ್ಕು, ಬಾಗಿಲ ಕಡೆ ನೋಡುತ್ತ ತಾನೂ ಬೆರಳು ತಿರುಗಿಸಿತು, ಇನ್ನೊಮ್ಮೆ ತಿರುಗಿಸಿತು. ಒಳಗೆ ಮಗುವಿನ ನಗು ಕೇಳಿ ಯಾರೋ ಬಾಗಿಲಿಗೆ ಕೈಯಿಟ್ಟ ಸದ್ದಾಯಿತು.

ಟೈಲರಮ್ಮ ಹೊರಟವಳು ಎರಡು ಹೆಜ್ಜೆ ಹಿಂದಕ್ಕೆ ಬಂದು, ಚಿಲಕ ಪೂರ್ತಿ ಕೂತಿದೆಯೋ ಇಲ್ಲವೋ ಎಂದು ಒಮ್ಮೆ ಅಲ್ಲಾಡಿಸಿ ನೋಡಿಕೊಂಡಳು.